ಪ್ರಿಂಟ್ ಎಲ್ಲಿ ತೆಗೆಸೋದು?

“ಅಣ್ಣ, ವಾಟ್ಸಾಪ್ ಮಾಡಿದೀನಿ ನೋಡಿ. ಎರಡು ಕಾಪಿ ಬೇಕು. ಬ್ಯಾಕ್ ಟು ಬ್ಯಾಕ್ ಬೇಡ, ಸಿಂಗಲ್ ಸೈಡೇ ಇರ್ಲಿ, ನಮ್ ಸರ್ ಒಪ್ಪಲ್ಲ.”

“ವರ್ಡ್ ಫೈಲ್ ಕಳ್ಸಿದೀಯಲ್ಲಮ್ಮ, ಫಾಂಟ್ ಒಡೆದೋಗಿದೆ. ಎಲ್ಲಿ ಟೈಪ್ ಮಾಡ್ಸಿದ್ದು? ನುಡೀಲಾ?”

ಸೆಮಿಸ್ಟರ್ ಮುಗಿಯುವ ವಾರಗಳಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಆಸುಪಾಸು, ಸರಸ್ವತಿಪುರಂ ಕಡೆಯ ಯಾವ ಜೆರಾಕ್ಸ್ ಅಂಗಡಿಯ ಮುಂದೆ ನಿಂತರೂ ಇಂಥದೊಂದು ಮಾತುಕತೆ ಕಿವಿಗೆ ಬೀಳುತ್ತದೆ. ಅಂಗಡಿ ಎಂದರೆ ಹತ್ತಡಿ ಅಗಲದ ಮಳಿಗೆ. ಒಳಗೆ ಎರಡು ದೊಡ್ಡ ಮೆಷಿನ್ನು, ಒಂದು ಲ್ಯಾಮಿನೇಷನ್ ಪೆಟ್ಟಿಗೆ, ಸ್ಪೈರಲ್ ಬೈಂಡಿಂಗಿಗೆ ತೂತು ಹೊಡೆಯುವ ಹಿಡಿಕೆಯ ಯಂತ್ರ, ಗೋಡೆಯ ಮೇಲೆ ಕ್ಯೂಆರ್ ಕೋಡು. ಮೇಜಿನ ಕಂಪ್ಯೂಟರಿನಲ್ಲಿ ವಾಟ್ಸಾಪ್ ಬೆಳಗಿನಿಂದ ರಾತ್ರಿವರೆಗೆ ತೆರೆದೇ ಇರುತ್ತದೆ. ಅದರ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಯಾರದೋ ಆಧಾರ್ ಕಾರ್ಡು, ಯಾರದೋ ಮಾರ್ಕ್ಸ್ ಕಾರ್ಡು, ಯಾರದೋ ಜಾತಿ ಪ್ರಮಾಣಪತ್ರ, ಇನ್ನಾರದೋ ಜಾನಪದದ ಸಂಪ್ರಬಂಧ ಒಂದರ ಬೆನ್ನಿಗೊಂದು ಬಿದ್ದಿರುತ್ತವೆ.

ಅಂಗಡಿಯವನು ಹುಡುಗಿಯ ಫೈಲು ತೆರೆದು ತೋರಿಸುತ್ತಾನೆ. ಕನ್ನಡ ಇರಬೇಕಾದ ಕಡೆ ಇಂಗ್ಲಿಷಿನ ಬಿಡಿ ಅಕ್ಷರಗಳು, ಕೆಲವಕ್ಕೆ ನೆತ್ತಿಯ ಮೇಲೆ ಗೀಟು, ‘ನ’ ಅಕ್ಷರ ಬರಬೇಕಾದ ಕಡೆಯೆಲ್ಲ ಬ್ರಿಟಿಷ್ ಪೌಂಡಿನ ಗುರುತು. ಅವನಿಗೆ ಇದು ಹೊಸದಲ್ಲ. ಇಡೀ ಕಡತವನ್ನು ಒಮ್ಮೆಗೇ ಆಯ್ದುಕೊಂಡು ‘ನುಡಿ 01 ಇ’ ಫಾಂಟು ಹಾಕುತ್ತಾನೆ, ಕನ್ನಡ ಮೂಡುತ್ತದೆ. ಆದರೆ ಅಡಿಟಿಪ್ಪಣಿಯಲ್ಲಿದ್ದ ಇಂಗ್ಲಿಷ್ ಪುಸ್ತಕಗಳ ಹೆಸರುಗಳು ಅದೇ ಏಟಿಗೆ ಅರ್ಥವಿಲ್ಲದ ಕನ್ನಡವಾಗುತ್ತವೆ. ಸಾಲುಗಳು ಜರುಗಿ ಪುಟಸಂಖ್ಯೆ ಬದಲಾಗುತ್ತದೆ, ಪರಿವಿಡಿಯಲ್ಲಿ ಒಂದು, ಒಳಗೆ ಇನ್ನೊಂದು. ಅದನ್ನೆಲ್ಲ ಅಲ್ಲೇ ನಿಂತು, ಅವನ ಕಂಪ್ಯೂಟರಿನಲ್ಲಿ, ಹಿಂದೆ ಕಾಯುತ್ತಿರುವ ಎಂಟು ಮಂದಿಯ ಗೊಣಗಾಟ ಕೇಳಿಸಿಕೊಳ್ಳುತ್ತ ಸರಿಪಡಿಸಬೇಕು. ಪುಟಕ್ಕೆ ಒಂದೋ ಎರಡೋ ರೂಪಾಯಿ ಪಡೆಯುವ ಆ ಮನುಷ್ಯ ಆ ಹೊತ್ತಿಗೆ ವಿಶ್ವವಿದ್ಯಾಲಯದ ತಾಂತ್ರಿಕ ಸಹಾಯಕನೂ ಹೌದು, ಕರಡು ತಿದ್ದುವವನೂ ಹೌದು. ಸಂಬಳ ಮಾತ್ರ ಯಾರೂ ಕೊಡುವುದಿಲ್ಲ.

ಮಾನಸಗಂಗೋತ್ರಿ ಮೈಸೂರು ವಿಶ್ವವಿದ್ಯಾಲಯದ 739 ಎಕರೆಯ ಆವರಣ. ಕುವೆಂಪು ಕುಲಪತಿಗಳಾಗಿದ್ದ ಕಾಲದಲ್ಲಿ ಕಲ್ಪಿತವಾಗಿ, ಅವರೇ ಇಟ್ಟ ಹೆಸರಿನಲ್ಲಿ 1960ರ ಹೊತ್ತಿಗೆ ತೆರೆದುಕೊಂಡ ಸ್ನಾತಕೋತ್ತರ ಕೇಂದ್ರ. ಒಂದು ಕಡೆ ಕುಕ್ಕರಹಳ್ಳಿ ಕೆರೆ, ಇನ್ನೊಂದು ಕಡೆ ಭಾರತೀಯ ಭಾಷಾ ಸಂಸ್ಥಾನ, ಪಕ್ಕದಲ್ಲೇ ಮುಕ್ತ ವಿಶ್ವವಿದ್ಯಾಲಯ. ಇಷ್ಟು ವಿದ್ಯೆ ಒಂದೆಡೆ ನೆಲೆಸಿರುವ ಜಾಗ ನಾಡಿನಲ್ಲಿ ಹೆಚ್ಚಿಲ್ಲ. ಹಾಗಿದ್ದೂ, ಕೈಯಲ್ಲಿ ಮೊಬೈಲ್ ಮಾತ್ರ ಇರುವ ಒಬ್ಬ ಎಂ.ಎ. ವಿದ್ಯಾರ್ಥಿ ಇಪ್ಪತ್ತು ಪುಟದ ಪ್ರಬಂಧ ಅಚ್ಚು ಮಾಡಿಸಬೇಕೆಂದರೆ ಮೊದಲು ನೆನಪಾಗುವುದು ಆವರಣದ ಹೊರಗಿನ ರಸ್ತೆ.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರುಗಳು ಇಲ್ಲವೆಂದಲ್ಲ, ಅವು ವಿಭಾಗಗಳ ಸೊತ್ತು. ಕಂಪ್ಯೂಟರ್ ವಿಜ್ಞಾನದ ಲ್ಯಾಬು ಆ ವಿಭಾಗದವರಿಗೆ, ಸಂಖ್ಯಾಶಾಸ್ತ್ರದ್ದು ಸಂಖ್ಯಾಶಾಸ್ತ್ರದವರಿಗೆ. ಬೀಗದ ಕೈ ಅಟೆಂಡರ್ ಹತ್ತಿರ, ಅಟೆಂಡರ್ ಸಂಜೆ ಮನೆಗೆ. ಇತಿಹಾಸ, ಸಂಸ್ಕೃತ, ಜಾನಪದ ಓದುವವರು ಗ್ರಂಥಾಲಯದ ಯಂತ್ರಗಳನ್ನು ನಂಬಬೇಕು. ಅಲ್ಲಿ ಲೇಖನ ಹುಡುಕಬಹುದು, ಓದಬಹುದು. ಕಾಗದ ಬೇಕೆಂದರೆ ಮತ್ತೆ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಹೊರಡಬೇಕು. ನಾಲ್ಕು ಅಂಗಡಿ ಸುತ್ತಿದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ಟುಗಳಾಗಿ ಕೂತಿರುವುದನ್ನು ನೋಡಿ ಎದೆ ಧಸಕ್ಕೆಂದ ಅನುಭವ ಒಂದು ತಲೆಮಾರಿನ ಎಲ್ಲ ವಿದ್ಯಾರ್ಥಿಗಳಿಗೂ ಉಂಟು.

“ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ” ಎನ್ನುವವರಿದ್ದಾರೆ. ಇದೆ, ನಿಜ. ಆದರೆ ಆ ಮೊಬೈಲಿನ ಮೇಲೆ ಹೇರಿರುವ ಹೊರೆಯನ್ನೂ ನೋಡಬೇಕು. 2021-22ರಿಂದ ರಾಜ್ಯದ ಪದವಿ ಕಾಲೇಜುಗಳ ಪ್ರವೇಶ, ಪರೀಕ್ಷಾ ನೋಂದಣಿ, ಫಲಿತಾಂಶ ಎಲ್ಲವೂ ಯುಯುಸಿಎಂಎಸ್ ಎಂಬ ಒಂದೇ ಜಾಲತಾಣದ ಪಾಲಾದವು. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಎಂಬ ಇನ್ನೊಂದು ಬಾಗಿಲು. ಅದಕ್ಕೆ ಬೇಕಾದ ದಾಖಲೆಗಳಿಗೆ ಮೊದಲು ಕಾಲೇಜಿನಲ್ಲಿ ಇ-ದೃಢೀಕರಣ ಆಗಬೇಕು. ಯಾವುದೇ ಅರ್ಜಿಯಲ್ಲೂ ಫೋಟೊ ಇಷ್ಟೇ ಕೆಬಿ, ಸಹಿ ಇಷ್ಟೇ ಕೆಬಿ ಎಂಬ ಕಟ್ಟಳೆ. ಅಂಗೈಯಗಲದ ಪರದೆಯ ಮೇಲೆ ಅದನ್ನೆಲ್ಲ ಕುಗ್ಗಿಸಿ, ಕತ್ತರಿಸಿ, ಏರಿಸುವಷ್ಟರಲ್ಲಿ ಸರ್ವರ್ ಕೈಕೊಟ್ಟಿರುತ್ತದೆ. ಕೊನೆಗೆ ಎಲ್ಲರೂ ಸೈಬರ್ ಸೆಂಟರಿಗೇ ಬರುತ್ತಾರೆ, ಐವತ್ತೋ ನೂರೋ ಕೊಟ್ಟು ಅರ್ಜಿ ಹಾಕಿಸುತ್ತಾರೆ. ಹಾಕಿದ ಅರ್ಜಿಯ ಪ್ರಿಂಟ್ ತೆಗೆದು ಕಾಲೇಜಿನ ಆಫೀಸಿಗೆ ಕೊಡಬೇಕು! ಆನ್‌ಲೈನ್ ಆದ ಮೇಲೆ ಕಾಗದ ಕಡಿಮೆಯಾಗುತ್ತದೆ ಎಂದುಕೊಂಡಿದ್ದವರು ಆಫೀಸಿನ ಬೀರುಗಳನ್ನು ನೋಡಿರಲಿಲ್ಲ ಎಂದು ಕಾಣುತ್ತದೆ.

ಎನ್‌ಇಟಿ ಪರೀಕ್ಷೆಯ ಕತೆಯೂ ಹಾಗೆಯೇ. ಅಧ್ಯಾಪಕರಾಗಬೇಕೆನ್ನುವವರು ಬರೆಯುವ ಈ ಪರೀಕ್ಷೆ 2018ರ ಡಿಸೆಂಬರಿನಿಂದ ಕಂಪ್ಯೂಟರಿನ ಮುಂದೆ ಕೂತು ಬರೆಯುವಂಥದ್ದಾಯಿತು. ಹಳಗನ್ನಡ ಕಾವ್ಯವನ್ನು ಕರತಲಾಮಲಕ ಮಾಡಿಕೊಂಡ ಅಭ್ಯರ್ಥಿ ಮೌಸ್ ಹಿಡಿದು ಮೂರು ಗಂಟೆ ಕೂರುವುದು ಬಹುಶಃ ಆ ಪರೀಕ್ಷಾ ಕೇಂದ್ರದಲ್ಲೇ ಮೊದಲು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಾಗ ಪದವಿಯ ಮೊದಲ ವರ್ಷಕ್ಕೆ ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ವಿಷಯ ಸೇರಿತು. ಕಂಪ್ಯೂಟರ್ ಸಾಲದ ಕಡೆ ಅದನ್ನು ಕಪ್ಪು ಹಲಗೆಯ ಮೇಲೆ ಬರೆದೇ ಕಲಿಸಬೇಕಾಗುತ್ತಿತ್ತು. ಈಜನ್ನು ದಡದಲ್ಲಿ ಕಲಿಸಿದ ಹಾಗೆ.

ಕಂಪ್ಯೂಟರ್ ಮನೆಯಲ್ಲಿರಬಹುದಲ್ಲ? ಕೇಂದ್ರದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತು 2017-18ರಲ್ಲಿ ನಡೆಯಿತು. ದೇಶದ ಗ್ರಾಮೀಣ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇಕಡಾ 4.4ರಲ್ಲಿ, ನಗರದ ಮನೆಗಳಲ್ಲಿ ಶೇಕಡಾ 23.4ರಲ್ಲಿ. ಎಚ್.ಡಿ. ಕೋಟೆಯಿಂದಲೋ ಕೊಳ್ಳೇಗಾಲದಿಂದಲೋ ಬಂದು ಹಾಸ್ಟೆಲಿನಲ್ಲಿದ್ದು ಓದುವವರ ಮನೆಗಳು ಮೊದಲನೆಯ ಲೆಕ್ಕಕ್ಕೆ ಸೇರುವಂಥವು. 2020ರ ಕೊರೋನಾ ಕಾಲದಲ್ಲಿ ಕೊಡಗಿನ, ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ ಪಾಠ ಕೇಳಿದ್ದು ಕೇಳುಗರಿಗೆ ನೆನಪಿರಬಹುದು.

ಸರ್ಕಾರ ಕೈಕಟ್ಟಿ ಕೂತಿಲ್ಲ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಕೊಟ್ಟಿತು, ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೂ ಕೊಟ್ಟಿತು. 2021ರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯಾಬ್ಲೆಟ್‌ಗಳನ್ನು ಹಂಚಲು ಹೊರಟಿತು. ಹಂಚಿದ್ದು ಒಳ್ಳೆಯದೇ. ಆದರೆ ಹಂಚಿದ ವಸ್ತು ಆ ವರ್ಷದ ವಿದ್ಯಾರ್ಥಿಯ ಜೊತೆ ಮನೆಗೆ ಹೋಗುತ್ತದೆ. ಮುಂದಿನ ವರ್ಷ ಬಂದವನಿಗೆ ಸಿಗುವುದು ಖಾತರಿಯಿಲ್ಲ, ಕೆಟ್ಟರೆ ರಿಪೇರಿಗೆ ದಿಕ್ಕಿಲ್ಲ. ಗ್ರಂಥಾಲಯದಲ್ಲಿ ಪುಸ್ತಕ ಇಡುವ ಬದಲು ಪ್ರತಿ ವಿದ್ಯಾರ್ಥಿಗೂ ಒಂದೊಂದು ಪುಸ್ತಕ ಕೊಟ್ಟು ಕಳಿಸುತ್ತೇವೆ ಎಂದು ಯಾವ ವಿಶ್ವವಿದ್ಯಾಲಯವೂ ಹೇಳಿದ್ದಿಲ್ಲ.

ಈ ಗ್ರಂಥಾಲಯದ ಮಾತು ಹೊಸದೂ ಅಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಎಂಬ ಇಬ್ಬರು ಗಣಿತದ ಅಧ್ಯಾಪಕರಿದ್ದರು. ಕಂಪ್ಯೂಟರ್ ಎಂದರೆ ಬಿಳಿ ಕೋಟಿನ ಪರಿಣತರು ಮಾತ್ರ ಮುಟ್ಟುವ, ಕೋಣೆಯಷ್ಟು ದೊಡ್ಡ ಯಂತ್ರವಾಗಿದ್ದ ಕಾಲ. ಒಂದೇ ಯಂತ್ರದ ಸಮಯವನ್ನು ಹಲವರಿಗೆ ಹಂಚುವ ಏರ್ಪಾಡನ್ನೂ ಬೇಸಿಕ್ ಎಂಬ ಸುಲಭದ ಭಾಷೆಯನ್ನೂ ಅವರು ವಿದ್ಯಾರ್ಥಿಗಳ ನೆರವಿನಿಂದಲೇ ಸಿದ್ಧಪಡಿಸಿದರು. 1964ರ ಮೇ 1ರ ನಸುಕಿನಲ್ಲಿ ಅದು ಓಡಿತು. ಅವರ ವಾದ ಸರಳ: ಕಪಾಟು ತೆರೆದಿಟ್ಟ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತೆಗೆಯುವವನನ್ನು ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ, ಕಂಪ್ಯೂಟರೂ ಹಾಗೇ ಸಿಗಬೇಕು. ಗಣಿತದವರಿಗಷ್ಟೇ ಅಲ್ಲ, ಸಾಹಿತ್ಯ ಓದುವವರಿಗೂ, ಬಿಟ್ಟಿಯಾಗಿ. ಸುಮಾರು ಇಪ್ಪತ್ತು ವರ್ಷದ ನಂತರ, 1983ರಲ್ಲಿ, ಎಂಐಟಿ ತನ್ನ ‘ಅಥೀನಾ’ ಯೋಜನೆಯಲ್ಲಿ ಇದನ್ನೇ ಇಡೀ ಆವರಣಕ್ಕೆ ಹರಡಿತು. ವಿದ್ಯಾರ್ಥಿ ಯಾವ ಕೊಠಡಿಯಲ್ಲಿ ಕೂತರೂ ಅವನ ಕಡತ ಅಲ್ಲಿಗೇ ಬರುತ್ತಿತ್ತು.

ಅಷ್ಟು ದೂರ ಯಾಕೆ, ಮೈಸೂರಿನಲ್ಲೇ ಇದರ ದೊಡ್ಡಣ್ಣನಂಥ ಉದಾಹರಣೆ ಇದೆ, ಅದನ್ನು ಬಾನುಲಿಯಲ್ಲಿ ಹೇಳದಿದ್ದರೆ ತಪ್ಪಾದೀತು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 30 ವಾಟ್‌ನ ಟ್ರಾನ್ಸ್‌ಮಿಟರ್ ಹೂಡಿ ಪ್ರಸಾರ ಆರಂಭಿಸಿದರು. ದುಬಾರಿ ಯಂತ್ರವೊಂದು ಅಧ್ಯಾಪಕರ ಮನೆಯಲ್ಲಿತ್ತು, ಊರಿಗೆಲ್ಲ ಸಿಕ್ಕಿತು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಕೇಳಿದ್ದು ಅಲ್ಲಿಂದಲೇ. ವಿಶ್ವವಿದ್ಯಾಲಯವೂ ತನ್ನ ಕಾಲದ ದುಬಾರಿ ತಂತ್ರವಾಗಿದ್ದ ಅಚ್ಚಿನ ವಿಷಯದಲ್ಲಿ ಇದೇ ದಾರಿ ಹಿಡಿದಿತ್ತು. ಅಧ್ಯಾಪಕರು ಹಳ್ಳಿಹಳ್ಳಿಗೆ ಹೋಗಿ ಮಾಡಿದ ಪ್ರಚಾರೋಪನ್ಯಾಸಗಳು ಪುಟ್ಟ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಜನರ ಕೈ ಸೇರಿದವು. ಪ್ರಸಾರಾಂಗದ ಆ ಪುಸ್ತಕಗಳು ಈಗಲೂ ಮೈಸೂರಿನ ಹಳೆಯ ಮನೆಗಳ ಅಟ್ಟದ ಮೇಲೆ ಸಿಗುತ್ತವೆ.

ಅಚ್ಚಿನ ಮಾತು ಬಂದಾಗ ಇನ್ನೊಂದು ಸೋಜಿಗ. ದೇಶದ ನೋಟು ಅಚ್ಚಾಗುವ ಮುದ್ರಣಾಲಯಗಳಲ್ಲಿ ಒಂದು ಮೇಟಗಳ್ಳಿಯಲ್ಲಿದೆ, ನೋಟಿನ ಕಾಗದ ತಯಾರಿಸುವ ಗಿರಣಿಯೂ ಇದೇ ಊರಿನಲ್ಲಿದೆ. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಇಲ್ಲಿನ ಮೈಸೂರು ಪೇಂಟ್ಸ್ ಕಾರ್ಖಾನೆಯದು. ಕಾಗದ, ಶಾಯಿ, ಅಚ್ಚು ಮೂರಕ್ಕೂ ಹೆಸರಾದ ಊರಿನಲ್ಲಿ ವಿದ್ಯಾರ್ಥಿಗೆ ಇಪ್ಪತ್ತು ಪುಟದ ಚಿಂತೆ!

ಇನ್ನು ಫಾಂಟಿನ ವಿಷಯಕ್ಕೆ ಬರೋಣ. ಕನ್ನಡ ವಿದ್ಯಾರ್ಥಿಯ ಕಷ್ಟ ಇಂಗ್ಲಿಷಿನಲ್ಲಿ ಬರೆಯುವವನ ಕಷ್ಟಕ್ಕಿಂತ ಒಂದು ಸುತ್ತು ಹೆಚ್ಚಾಗುವುದು ಇಲ್ಲೇ. ಶೇಷಾದ್ರಿ ವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಅದಾದ ಕೆಲವೇ ವರ್ಷಗಳಲ್ಲಿ ಸರ್ಕಾರದ ಮನ್ನಣೆ ಪಡೆದು ಕಚೇರಿ ಕಚೇರಿಗೂ ಹೋಯಿತು. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ ಎಷ್ಟು ಸಲೀಸೆಂದರೆ ಡಿಟಿಪಿಯವರು ಇಂದಿಗೂ ಅದನ್ನು ಬಿಡಲೊಲ್ಲರು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟು ಇದ್ದ ಕಡೆ ಕನ್ನಡ, ಇಲ್ಲದ ಕಡೆ ಪೌಂಡಿನ ಗುರುತು. ಯೂನಿಕೋಡ್ ಈ ತೊಡಕನ್ನು ಬಿಡಿಸಿತು: 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಫಾಂಟೂ ಬಂತು.

ಮಾನಸಗಂಗೋತ್ರಿಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅಲ್ಲಿನ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗದಲ್ಲಿ ಪ್ರೊ. ಶಾಲಿನಿ ಅರಸ್ ಅವರ ಮುಂದಾಳುತನದಲ್ಲಿ 2000ದಲ್ಲಿ ‘ವಿದ್ಯಾನಿಧಿ’ ಶುರುವಾಯಿತು. ಭಾರತದ ಪಿಎಚ್‌.ಡಿ. ಪ್ರಬಂಧಗಳನ್ನು ಗಣಕದಲ್ಲಿ ಕಲೆಹಾಕುವ ಯೋಜನೆ ಅದು. ನಾಡಿನ ಪತ್ರಿಕೆಗಳೂ ಕಚೇರಿಗಳೂ ಹಳೆಯ ಫಾಂಟುಗಳಲ್ಲೇ ಮುಳುಗಿದ್ದ ಹೊತ್ತಿನಲ್ಲಿ ವಿದ್ಯಾನಿಧಿಯವರು ಕನ್ನಡ, ಹಿಂದಿ ಪ್ರಬಂಧಗಳ ವಿವರಗಳನ್ನು ಯೂನಿಕೋಡಿನಲ್ಲಿ ದಾಖಲಿಸಿ, ಅದರ ಸಾಧಕಬಾಧಕಗಳನ್ನು 2002ರಲ್ಲೇ ಯೂನಿಕೋಡ್ ಸಮ್ಮೇಳನಕ್ಕೆ ತಿಳಿಸಿದ್ದರು. ದೇಶಮಟ್ಟದ ‘ಶೋಧಗಂಗಾ’ ಬಂದದ್ದು ಆಮೇಲೆ. 2009ರ ಯುಜಿಸಿ ನಿಯಮ ಪ್ರಬಂಧದ ಗಣಕಪ್ರತಿಯನ್ನು ಕಡ್ಡಾಯ ಮಾಡಿದ ನಂತರ ಅದು ಬೆಳೆಯಿತು. ಇಷ್ಟು ಮುಂಚೆ ದಾರಿ ಕಂಡ ಆವರಣದ ಸುತ್ತಲೇ ‘ಫಾಂಟ್ ಒಡೆದೋಗಿದೆ’ ಎಂಬ ಮಾತು ಇಪ್ಪತ್ತು ವರ್ಷದ ಮೇಲೂ ಕೇಳುತ್ತಿರುವುದಕ್ಕೆ ವಿದ್ಯಾರ್ಥಿಯನ್ನು ಬೈದು ಪ್ರಯೋಜನವಿಲ್ಲ. ಅಂಗಡಿಯ ಮುಂದೆ ನಿಂತಿದ್ದ ಆ ಹುಡುಗಿಗೆ ಟೈಪ್ ಮಾಡಲು ಕಂಪ್ಯೂಟರ್ ಇರಲಿಲ್ಲ. ಕೈಬರಹದ ಹಾಳೆಗಳನ್ನು ಡಿಟಿಪಿ ಅಂಗಡಿಗೆ ಕೊಟ್ಟಳು, ಅವರು ತಮಗೆ ಬಂದ ಫಾಂಟಿನಲ್ಲಿ ಹೊಡೆದು ಕೊಟ್ಟರು.

ಇದು ಬರೀ ಅಚ್ಚಿನ ಅಂದಚೆಂದದ ಪ್ರಶ್ನೆಯಾಗಿದ್ದರೆ ಬಿಡಬಹುದಿತ್ತು. 2018ರ ಜುಲೈಯಲ್ಲಿ ಯುಜಿಸಿ ಕೃತಿಚೌರ್ಯ ತಡೆಯುವ ನಿಯಮ ತಂದಿತು. ಹೋಲಿಕೆ ಶೇಕಡಾ 10ರ ಒಳಗಿದ್ದರೆ ದಂಡವಿಲ್ಲ, 10ರಿಂದ 40ರವರೆಗಾದರೆ ತಿದ್ದಿ ಮತ್ತೆ ಸಲ್ಲಿಸಬೇಕು, 60 ದಾಟಿದರೆ ನೋಂದಣಿಯೇ ರದ್ದು. ಪರೀಕ್ಷೆ ಮಾಡುವುದು ತಂತ್ರಾಂಶ. ಹಳೆಯ ಫಾಂಟಿನ ಕನ್ನಡ ಪ್ರಬಂಧವನ್ನು ಅದರ ಹೊಟ್ಟೆಗೆ ಹಾಕಿದರೆ ಅದಕ್ಕೆ ಕಾಣುವುದು ಅಂಗಡಿಯವನ ಪರದೆಯ ಮೇಲೆ ಕಂಡದ್ದೇ: ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡಿನಲ್ಲಿರುವ ಮೂಲ ಲೇಖನಕ್ಕೂ ಅದಕ್ಕೂ ನಂಟು ಹಚ್ಚಲು ಯಂತ್ರಕ್ಕೆ ಬಾರದು. ಕದ್ದವನು ನುಣುಚಿಕೊಳ್ಳಬಹುದು. ಪ್ರಾಮಾಣಿಕನ ಪ್ರಬಂಧವೋ, ಮುಂದೆ ಶೋಧಗಂಗೆಯಲ್ಲಿ ಯಾರು ಹುಡುಕಿದರೂ ಪದ ಹಿಡಿದು ಸಿಗುವುದಿಲ್ಲ. ಐದು ವರ್ಷದ ದುಡಿಮೆ ಚಿತ್ರವಾಗಿ ಉಳಿಯುತ್ತದೆ, ಪಠ್ಯವಾಗಿ ಅಲ್ಲ.

ಜೆರಾಕ್ಸ್ ಅಂಗಡಿಗಳ ಇನ್ನೊಂದು ಕಸುಬು ಪುಸ್ತಕದ ಅಧ್ಯಾಯಗಳ ನಕಲು. ಸಾವಿರಾರು ರೂಪಾಯಿಯ ವಿದೇಶಿ ಪುಸ್ತಕದ ಒಂದು ಅಧ್ಯಾಯವಷ್ಟೇ ಪಾಠಕ್ಕೆ ಬೇಕಾದಾಗ ಎಲ್ಲರೂ ಮಾಡುವುದು ಅದನ್ನೇ. ಇದು ಕಳ್ಳತನವೇ ಎಂಬ ಪ್ರಶ್ನೆ ದೆಹಲಿಯಲ್ಲಿ ನ್ಯಾಯಾಲಯ ಕಂಡಿತು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದ ರಾಮೇಶ್ವರಿ ಫೋಟೊಕಾಪಿ ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು 2012ರಲ್ಲಿ ದಾವೆ ಹೂಡಿದರು. 2016ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಅದನ್ನು ವಜಾ ಮಾಡಿದರು. ಹಿಂದೆ ಗ್ರಂಥಾಲಯದಲ್ಲಿ ಕೂತು ಕೈಯಲ್ಲಿ ಬರೆದುಕೊಳ್ಳುತ್ತಿದ್ದುದನ್ನು ಈಗ ಯಂತ್ರ ಮಾಡುತ್ತದೆ, ಅಷ್ಟಕ್ಕೇ ಅದು ಅಪರಾಧವಾಗದು ಎಂಬುದು ಅವರ ತರ್ಕದ ಒಂದು ಎಳೆ. ಅದೇ ಡಿಸೆಂಬರಿನಲ್ಲಿ ವಿಭಾಗೀಯ ಪೀಠ ಸಾರದಲ್ಲಿ ಇದೇ ನಿಲುವು ಹಿಡಿದು, ಆಯ್ದ ಭಾಗಗಳು ಪಾಠಕ್ಕೆ ನಿಜಕ್ಕೂ ಬೇಕಿದ್ದವೇ ಎಂಬುದನ್ನು ವಿಚಾರಣೆಗೆ ಬಿಟ್ಟಿತು. 2017ರಲ್ಲಿ ಪ್ರಕಾಶಕರೇ ಹಿಂದೆ ಸರಿದರು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಪಾಠದ ಸಲುವಾಗಿ ಮಾಡುವ ನಕಲಿಗೆ ಅವಕಾಶ ಕೊಡುತ್ತದೆ. ಇಡೀ ಪುಸ್ತಕ ನಕಲು ಮಾಡಿ ಮಾರುವುದಕ್ಕೆ ಇದು ಪರವಾನಗಿ ಅಲ್ಲ ಎಂಬುದನ್ನೂ ಅಂಗಡಿಯವರು ತಿಳಿದಿರುವುದು ಒಳ್ಳೆಯದು. ದೆಹಲಿಯ ಆ ರಾಮೇಶ್ವರಿ ಅಂಗಡಿ ವಿಶ್ವವಿದ್ಯಾಲಯವೇ ಜಾಗ ಕೊಟ್ಟು ಆವರಣದೊಳಗೆ ಕೂರಿಸಿದ ಅಂಗಡಿ ಎನ್ನುವುದು ಇಲ್ಲಿ ಗಮನಿಸಬೇಕಾದ ಸಂಗತಿ.

ಖರ್ಚಿನ ಲೆಕ್ಕವನ್ನೂ ಹಾಕಿ ನೋಡಬಹುದು. ಮುನ್ನೂರು ಪುಟದ ಒಂದು ಪಿಎಚ್‌.ಡಿ. ಪ್ರಬಂಧ, ಐದು ಪ್ರತಿ, ಒಂದೇ ಬದಿ ಎಂದಿಟ್ಟುಕೊಂಡರೆ ಸಾವಿರದ ಐನೂರು ಹಾಳೆ. ಮಾರ್ಗದರ್ಶಕರು ನೋಡಿದ ಕರಡುಗಳು ಬೇರೆ, ಬಣ್ಣದ ಚಿತ್ರಗಳಿಗೆ ಪುಟಕ್ಕೆ ಹತ್ತರ ಆಸುಪಾಸು ಬೇರೆ, ಚಿನ್ನದ ಬಣ್ಣದ ಅಕ್ಷರದ ರೆಕ್ಸಿನ್ ಬೈಂಡಿಂಗು ಬೇರೆ. ಇದೆಲ್ಲ ಆದ ಮೇಲೂ ಶೋಧಗಂಗೆಗೆ ಸಾಫ್ಟ್ ಕಾಪಿ ಕೊಡಲೇಬೇಕು. ಫೆಲೋಷಿಪ್ ಇದ್ದವರಿಗೆ ಇದು ಭಾರವಾಗದು. ಇಲ್ಲದವರಿಗೆ ಹಾಸ್ಟೆಲಿನ ಒಂದೆರಡು ತಿಂಗಳ ಖರ್ಚು ಇಲ್ಲೇ ಕರಗುತ್ತದೆ. ಎರಡೂ ಬದಿ ಅಚ್ಚು ಮಾಡಿದ್ದನ್ನು ಒಪ್ಪಿಕೊಂಡರೆ ಕಾಗದ ಅರ್ಧಕ್ಕಿಳಿಯುತ್ತದೆ, ಅದಕ್ಕೆ ಬೇಕಿರುವುದು ಬಜೆಟ್ಟಲ್ಲ, ಒಂದು ಸುತ್ತೋಲೆ. ಗ್ರಂಥಾಲಯದ ಕಾರ್ಡನ್ನೇ ಉಜ್ಜಿ ಸೆಮಿಸ್ಟರಿಗೆ ಇಷ್ಟು ಪುಟ ಎಂದು ಪ್ರಿಂಟ್ ತೆಗೆದುಕೊಳ್ಳುವ ಪದ್ಧತಿ ಹೊರದೇಶಗಳ ವಿಶ್ವವಿದ್ಯಾಲಯಗಳಲ್ಲಿ ತೀರ ಮಾಮೂಲು. ಅಷ್ಟೇನೂ ಬೇಡ ಎಂದರೆ, ಹಾಸ್ಟೆಲ್ ಗೇಟು ಮುಚ್ಚುವ ಮೊದಲು ನಡೆದು ಹೋಗಿ ಬರಬಹುದಾದಷ್ಟು ದೂರದಲ್ಲಿ, ಎಲ್ಲ ವಿಭಾಗದವರಿಗೂ ತೆರೆದ ಒಂದು ಕೊಠಡಿ ಸಾಕು. ಹತ್ತಿಪ್ಪತ್ತು ಕಂಪ್ಯೂಟರು, ಅವುಗಳಲ್ಲಿ ಯೂನಿಕೋಡ್ ಕನ್ನಡ, ಎರಡು ಪ್ರಿಂಟರು, ಮತ್ತು ಯಂತ್ರ ಗೊತ್ತಿರುವ ಒಬ್ಬ ಮನುಷ್ಯ. ಈ ಕೊನೆಯದಕ್ಕೆ ಹುದ್ದೆ ಮಂಜೂರಾಗದೆ ಉಳಿದ ಮೂರೂ ಧೂಳು ತಿಂದದ್ದನ್ನು ನಮ್ಮ ಕಾಲೇಜುಗಳಲ್ಲಿ ಬೇಕಾದಷ್ಟು ನೋಡಬಹುದು.

ಅಂಥ ಕೊಠಡಿ ಬರುವವರೆಗೆ ಅಂಗಡಿಗೆ ಹೋಗುವವರು ವರ್ಡ್ ಫೈಲು ಒಯ್ಯದೆ ಪಿಡಿಎಫ್ ಮಾಡಿಕೊಂಡು ಹೋದರೆ ಪುಟ ಜರುಗುವುದಿಲ್ಲ, ಫಾಂಟು ಒಡೆಯುವುದಿಲ್ಲ. ಡಿಟಿಪಿಗೆ ಕೊಡುವಾಗಲೇ “ಯೂನಿಕೋಡಲ್ಲಿ ಮಾಡಿಕೊಡಿ” ಎಂದು ಹೇಳಿಬಿಡಬೇಕು, ಹಳೆಯ ನುಡಿ ಕಡತಗಳಿದ್ದರೆ ಪರಿವರ್ತಕ ತಂತ್ರಾಂಶದಲ್ಲಿ ಬದಲಿಸಿ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಬೇಕು. ಆಧಾರ್, ಮಾರ್ಕ್ಸ್ ಕಾರ್ಡು ಕಳಿಸಿದ್ದರೆ ಹಣ ಕೊಡುವ ಮೊದಲು ಆ ಡೌನ್‌ಲೋಡ್ಸ್ ಫೋಲ್ಡರಿನಿಂದ ಎದುರಿಗೇ ಅಳಿಸಲು ಹೇಳಬೇಕು, ರೀಸೈಕಲ್ ಬಿನ್ನಿನಿಂದಲೂ. ಕೇಳಿದರೆ ಅಂಗಡಿಯವರು ಬೇಡ ಎನ್ನುವುದಿಲ್ಲ.